ಬೆಂಚು ಬಡಿದ ಬುಧವಾರಗಳು

ಅಡಿವೆಪ್ಪ ಮುಧೋಳ ಪ್ರೊಫೆಸರ್ ಆದದ್ದು ಒಂದು ಮಂಗಳವಾರ, ಆಫೀಸಿನ ಕಾಫಿ ಯಂತ್ರದ ಮುಂದೆ, ನಿಂತ ನಿಲುವಿನಲ್ಲೇ. ಅದಕ್ಕಾಗಿ ಅವನು ಹೊಸದಾಗಿ ಏನನ್ನೂ ಓದಲಿಲ್ಲ, ಯಾರ ಕೈಕಾಲೂ ಹಿಡಿಯಲಿಲ್ಲ. ಸಾಹೇಬರು ಒಂದು ಮಾತು ಕೇಳಿದರು, ಇವನು ಇಲ್ಲ ಅನ್ನಲಾರದೆ ಹೂಂ ಅಂದ. ಜಗತ್ತಿನಲ್ಲಿ ಎಷ್ಟೋ ಜನ ಹೀಗೆಯೇ ದೊಡ್ಡವರಾಗಿದ್ದಾರೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಜರ್ಮನಿಯವರು ನಮ್ಮಲ್ಲಿ ಕಂಪ್ಯೂಟರ್ ಬಲ್ಲವರು ಸಾಲುತ್ತಿಲ್ಲ ಬನ್ನಿ ಎಂದು ಗ್ರೀನ್ ಕಾರ್ಡ್ ಕೊಟ್ಟು ಕರೆದ ಕಾಲ ಅದು. ಬುದ್ಧಿವಂತರೆಲ್ಲ ಫ್ರಾಂಕ್‌ಫರ್ಟು, ಮ್ಯೂನಿಕ್ಕು ಎಂದು ದೊಡ್ಡ ಊರು ಹಿಡಿದರು. ಬಾಗಲಕೋಟೆಯ ಅಡಿವೆಪ್ಪನ ಪಾಲಿಗೆ ಬಂದದ್ದು ಯೇನಾ ಎಂಬ ಸಣ್ಣ ಊರು. ಆಫೀಸಿನಲ್ಲಿ ಇವನನ್ನೂ ಸೇರಿಸಿ ಮೂರು ಜನ. ಬೆಳಿಗ್ಗೆ ಮೂವರೂ ಒಂದು ಸಲ ನಮಸ್ಕಾರ ಹೇಳಿಕೊಂಡರೆ ಮತ್ತೆ ಬಾಯಿ ಬಿಡುವುದು ಸಂಜೆ ಹೊರಡುವಾಗಲೇ. ಶುಕ್ರವಾರ ಐದಕ್ಕೆ ಆಫೀಸಿನ ಬಾಗಿಲು ಮುಚ್ಚಿತೆಂದರೆ ಸೋಮವಾರದವರೆಗೆ ಅವನ ಹೆಸರು ಹಿಡಿದು ಕರೆಯುವವರು ಆ ಊರಿನಲ್ಲಿ ಒಬ್ಬರೂ ಇರಲಿಲ್ಲ. ಶನಿವಾರ ಬೇಕರಿಗೆ ಹೋಗಿ ಎರಡು ಬ್ರೆಡ್ಡನ್ನು ಒಟ್ಟಿಗೆ ತರುವ ಬದಲು ಎರಡು ಸಲ ಹೋಗಿ ಒಂದೊಂದೇ ತರುತ್ತಿದ್ದ. ಹಾಗೆ ಮಾಡಿದರೆ ಅಂಗಡಿಯಾಕೆ ಎರಡು ಸಲ ನಮಸ್ಕಾರ ಹೇಳುತ್ತಾಳಲ್ಲ!

ಸಾಹೇಬರು ಕೇಳಿದ್ದು ಇಷ್ಟು. ಊರಿನಲ್ಲಿ ಒಂದು ಫೋಲ್ಕ್ಸ್‌ಹೋಖ್‌ಶೂಲೆ ಇದೆ. ಹೆಸರಿಗೆ ತಕ್ಕ ಹಾಗೆ ಜನರ ಕಾಲೇಜು. ಕೆಲಸದಲ್ಲಿರುವವರು, ಕೆಲಸ ಕಳೆದುಕೊಂಡವರು, ಹೊರದೇಶದಿಂದ ಬಂದವರು, ಯಾರು ಬೇಕಾದರೂ ಸಂಜೆ ಹೋಗಿ ಏನು ಬೇಕಾದರೂ ಕಲಿಯಬಹುದು. ಹಳೆಯ ಮಸೂರದ ಕಾರ್ಖಾನೆಯೊಂದು ಮುಚ್ಚಿ ಹನ್ನೊಂದು ಜನ ಮನೆಯಲ್ಲಿ ಕೂತಿದ್ದಾರೆ. ಡ್ರೆಸ್ಡನ್ ಕಡೆ ಹೊಸ ಕಾರ್ಖಾನೆ ಬರುತ್ತಿದೆ, ಆದರೆ ಅಲ್ಲಿನ ಯಂತ್ರಗಳಿಗೆಲ್ಲ ಕಂಪ್ಯೂಟರಿನಿಂದಲೇ ಅಪ್ಪಣೆ. ಈ ಹನ್ನೊಂದು ಜನರಿಗೆ ಹನ್ನೆರಡು ಬುಧವಾರ ಪಾಠ ಹೇಳಬೇಕು, ಪರೀಕ್ಷೆ ಪಾಸಾದವರಿಗೆ ಕೆಲಸ ಗ್ಯಾರಂಟಿ. ಕಲಿಸಬೇಕಾಗಿದ್ದವನು ಬೇರೆ ನೌಕರಿ ಸಿಕ್ಕಿತೆಂದು ಮ್ಯೂನಿಕ್ಕಿಗೆ ಓಡಿದ್ದಾನೆ. ಅಡಿವೆಪ್ಪ ಹೇಗೂ ಇಂಡಿಯಾದವನು, ಇಂಡಿಯಾದವರಿಗೆ ಕಂಪ್ಯೂಟರ್ ಹುಟ್ಟಿನಿಂದಲೇ ಬರುತ್ತದೆಂದು ಸಾಹೇಬರ ನಂಬಿಕೆ.

ಅದೇ ಭಾನುವಾರ ಫೋನಿನಲ್ಲಿ ಅವ್ವನಿಗೆ ಅಡಿವೆಪ್ಪ ಕಾಲೇಜಿನಲ್ಲಿ ಪಾಠ ಮಾಡಾಕ ಹೊಂಟೀನಿ ಎಂದಷ್ಟೇ ಹೇಳಿದ್ದು. ಅವ್ವ ಗುರವ್ವ ಆ ಮಾತನ್ನು ಮನೆಯಲ್ಲಿ ಇಟ್ಟುಕೊಳ್ಳುವ ಪೈಕಿ ಅಲ್ಲ. ಮೂರು ದಿನದಲ್ಲಿ ಅವನು ಬಾಗಲಕೋಟೆಯ ತುಂಬ ಜರ್ಮನಿಯ ಪ್ರೊಫೆಸರ್ ಆಗಿಬಿಟ್ಟ. ಸೋದರಮಾವ ಮಹಾಲಿಂಗಪ್ಪ ತನ್ನ ಹೊಸ ಹಾರ್ಡ್‌ವೇರ್ ಅಂಗಡಿಯ ಪ್ರಾರಂಭೋತ್ಸವದ ಕಾರ್ಡಿನಲ್ಲಿ ತನ್ನ ಹೆಸರಿನ ಕೆಳಗೆ, ಕಂಸದಲ್ಲಿ, ಜರ್ಮನಿಯ ಪ್ರೊ. ಅಡಿವೆಪ್ಪ ಮುಧೋಳ ಇವರ ಸೋದರಮಾವ ಎಂದು ಅಚ್ಚು ಹಾಕಿಸಿದ.

"ನಿಮ್ಮ ಬಸಲಿಂಗಯ್ಯ ಸರ್ ಸಿಕ್ಕಿದ್ರು ತಮ್ಮಾ," ಅಂದಳು ಗುರವ್ವ ಮುಂದಿನ ವಾರ. "ಈಗ ಹಳೇ ಬಸ್ ಸ್ಟ್ಯಾಂಡಿನ ಹಂತ್ಯಾಕ ಝೆರಾಕ್ಸ್ ಅಂಗಡಿ ಇಟ್ಟಾರ. ನೀ ಪ್ರೊಫೆಸರ್ ಆಗೀದಿ ಅಂದೆ. ಭಾಳ ಖುಷಿಪಟ್ರು."

ಆ ಹೆಸರು ಕೇಳಿ ಅಡಿವೆಪ್ಪ ಫೋನು ಹಿಡಿದ ಕೈ ಬದಲಿಸಿಕೊಂಡ. ಯಾಕೆಂದು ಮುಂದೆ ಹೇಳುತ್ತೇನೆ, ಮೊದಲು ಅವನ ಮೊದಲ ಪಾಠ ಆಗಲಿ.

ಮೊದಲ ಬುಧವಾರ ಸಂಜೆ ಆರಕ್ಕೆ ಅಡಿವೆಪ್ಪ ಕೋಟು ಹಾಕಿ, ಟೈ ಕಟ್ಟಿ ಕ್ಲಾಸಿಗೆ ಕಾಲಿಟ್ಟ. ಹನ್ನೊಂದು ಜನ ಒಬ್ಬೊಬ್ಬರೇ ಎದ್ದು ಕೈಕುಲುಕಿ "ಹೆರ್ ಮೂಡೋಲ್", ಎಂದರೆ ಶ್ರೀಯುತ ಮುಧೋಳ, ಅಂದರು. ಒಂದೂವರೆ ವರ್ಷದಲ್ಲಿ ಅಷ್ಟು ಜನ ಅವನ ಹೆಸರು ಹೇಳಿರಲಿಲ್ಲ, ತಪ್ಪಾಗಿಯಾದರೂ. ಮುಂದಿನ ಸಾಲಿನಲ್ಲಿ ವೆಂಟ್ ಎಂಬಾತ, ಐವತ್ತಾರರ ಗಂಡಸು, ಮೂವತ್ತು ವರ್ಷ ಗಾಜು ಉಜ್ಜಿದವ. ಕೂದಲೆಳೆಯಷ್ಟು ಏರುಪೇರನ್ನು ಬೆರಳ ತುದಿಯಿಂದಲೇ ಹೇಳಬಲ್ಲ, ಆದರೆ ಮೌಸ್ ಕೈಗೆ ಸಿಕ್ಕರೆ ಬಾಣ ಪರದೆಯ ಮೂಲೆಗೆ ಹೋಗಿ ಅವಿತುಕೊಳ್ಳುತ್ತಿತ್ತು. ಅವನ ಪಕ್ಕ ಲಾನ್, ಹದಿನೈದು ವರ್ಷದ ಹಿಂದೆ ವಿಯೆಟ್ನಾಮಿನಿಂದ ಬಂದು ಮಸೂರ ಪ್ಯಾಕು ಮಾಡುತ್ತಿದ್ದ ಹೆಂಗಸು, ಇವನು ಕೆಮ್ಮಿದರೂ ಬರೆದುಕೊಳ್ಳುವಾಕೆ. ಉಳಿದ ಒಂಬತ್ತು ಜನರನ್ನು ಅಡಿವೆಪ್ಪ ಕೊನೆಯವರೆಗೂ ಸ್ವೆಟರಿನ ಬಣ್ಣದಿಂದಲೇ ಗುರುತು ಹಿಡಿದ.

ಅರ್ಧ ಜರ್ಮನ್, ಅರ್ಧ ಇಂಗ್ಲಿಷು, ಸಾಲದ್ದಕ್ಕೆ ಎರಡೂ ಕೈ. ಹೀಗೆ ಪಾಠ ಸಾಗಿತು. ಡೇಟಾಬೇಸ್ ಅಂದರೇನೆಂದು ವಿವರಿಸಲು ಹೊಳೆಯದೆ ಬಾಗಲಕೋಟೆ ಬಸ್ ಸ್ಟ್ಯಾಂಡಿನ ವೇಳಾಪಟ್ಟಿಯನ್ನೇ ಬೋರ್ಡಿನ ಮೇಲೆ ಬರೆದ. ಅಡ್ಡಸಾಲು ಒಂದೊಂದು ಬಸ್ಸು, ಉದ್ದಸಾಲು ಊರು, ವೇಳೆ, ಪ್ಲಾಟ್‌ಫಾರ್ಮು. ಬಾದಾಮಿಯ ಬಸ್ಸು ಹುಡುಕಿ ಅಂದ. ಹನ್ನೊಂದು ಜನ ಜರ್ಮನ್ ಶಿಸ್ತಿನಿಂದ ಬಾದಾಮಿಯ ಬಸ್ಸು ಹುಡುಕಿದರು. ಎಂಟು ಗಂಟೆಗೆ, ಇವತ್ತಿಗೆ ಇಷ್ಟು ಸಾಕು ಅಂದು ಅಡಿವೆಪ್ಪ ಹಸನ್ಮುಖಿಯಾಗಿ ತಿರುಗಿದ.

ಆಗ ವೆಂಟ್ ಮುಷ್ಟಿ ಕಟ್ಟಿ ಮೇಜಿನ ಮೇಲೆ ಗುದ್ದಿದ. ಪಕ್ಕದಲ್ಲಿ ಲಾನ್ ಗುದ್ದಿದಳು. ಹಿಂದಿನ ಸ್ವೆಟರುಗಳೆಲ್ಲ ಗುದ್ದತೊಡಗಿದವು. ಕೋಣೆಯೆಲ್ಲ ಡಬಡಬ ಡಬಡಬ ಎಂದು ತುಂಬಿಹೋಯಿತು.

ಅಡಿವೆಪ್ಪನ ಕೈ ನೇರ ಬ್ಯಾಗಿಗೆ ಹೋಯಿತು. ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಾಗಲಕೋಟೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಎರಡನೆಯ ವರ್ಷ, ಎಲೆಕ್ಟ್ರಿಕಲ್ ಮಶೀನ್ಸ್ ಹೇಳಲು ಬಸಲಿಂಗಯ್ಯ ಸರ್ ಬರುತ್ತಿದ್ದರು. ಹಿಂದಿನ ಬೆಂಚಿಗೆ ಮುಟ್ಟದ ಸಣ್ಣ ದನಿ. ಅವರು ಬೋರ್ಡಿನ ಕಡೆ ತಿರುಗಿದ್ದೇ ತಡ ಹುಡುಗರು ಬೆಂಚು ಬಡಿಯುತ್ತಿದ್ದರು. ಸರ್ ಹಾಜರಿ ಪುಸ್ತಕ ಎತ್ತಿಕೊಂಡು ಹೊರಗೆ ಹೋಗುವವರೆಗೆ ಬಡಿಯುವುದು, ಅವರು ಹೋದ ಮೇಲೆ ಕ್ಯಾಂಟೀನಿಗೆ ನಡೆಯುವುದು. ಅದಕ್ಕೆ ತಾಳ ಹಿಡಿಯುತ್ತಿದ್ದವನು ಹಿಂದಿನ ಬೆಂಚಿನ ಅಡಿವೆಪ್ಪನೇ. ಒಂದು ದಿನ ಸರ್ ಕ್ಲಾಸಿನಿಂದ ಎದ್ದುಹೋದವರು ಕಾಲೇಜಿಗೇ ಮರಳಿ ಬರಲಿಲ್ಲ.

ಈಗ ಹನ್ನೊಂದು ಮುಷ್ಟಿಗಳು ಅದೇ ಸದ್ದು ಮಾಡುತ್ತಿವೆ. ಅಡಿವೆಪ್ಪ ಬ್ಯಾಗು ಎದೆಗವಚಿಕೊಂಡು, ಯಾರ ಮುಖವನ್ನೂ ನೋಡದೆ, ಬಾಗಿಲು ದಾಟಿ, ಮೆಟ್ಟಿಲಿಳಿದು, ಟ್ರಾಮ್ ಹತ್ತಿಬಿಟ್ಟ.

ಬಿಟ್ಟುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಗೆ ಬಿಟ್ಟಾನು? ಬುಧವಾರ ಬಿಟ್ಟರೆ ಅವನಿಗೆ ಇನ್ನು ಯಾವ ವಾರ ಇತ್ತು? ಹನ್ನೊಂದು ಜನ ಎದ್ದು ಕೈಕುಲುಕುವ ಆ ಒಂದು ಕ್ಷಣಕ್ಕಾಗಿ ಅವನು ಏಳು ದಿನ ಕಾಯುತ್ತಿದ್ದ. ಪಾಠವನ್ನೇ ಸುಧಾರಿಸಬೇಕೆಂದು ತೀರ್ಮಾನಿಸಿ, ಎರಡನೆಯ ವಾರ ಮೊದಲಿನ ಎರಡರಷ್ಟು ತಯಾರಿ ಮಾಡಿಕೊಂಡು ಹೋದ. ಅವರು ಎರಡರಷ್ಟು ಜೋರಾಗಿ ಬಡಿದರು. ಮೂರನೆಯ ವಾರ ಚಿತ್ರ ಬರೆದು, ಬಣ್ಣ ತುಂಬಿ, ಹಾಳೆ ಹಂಚಿ ಪಾಠ ಮಾಡಿದ. ಆವತ್ತು ಕೆಲವರು ಎರಡೂ ಕೈಯಿಂದ ಬಡಿದರು.

ನಾಲ್ಕನೆಯ ವಾರ ಓಡುವ ಗಡಿಬಿಡಿಯಲ್ಲಿ ಕೊಡೆ ಕ್ಲಾಸಿನಲ್ಲೇ ಉಳಿಯಿತು. ಬೀದಿಯಲ್ಲಿ ಅರ್ಧ ದಾರಿ ಬಂದು ತಿರುಗಿ ನೋಡಿದರೆ ವೆಂಟ್! ಆರಡಿ ಆಳು, ಕೊಡೆಯನ್ನು ಮೇಲಕ್ಕೆತ್ತಿ ಹಿಡಿದು, ಏದುಸಿರು ಬಿಡುತ್ತ, ಹೆರ್ ಮೂಡೋಲ್ ಹೆರ್ ಮೂಡೋಲ್ ಎಂದು ಕೂಗುತ್ತ ಬೆನ್ನಟ್ಟಿ ಬರುತ್ತಿದ್ದಾನೆ. ಬೆಂಚು ಬಡಿದು ಸಾಕಾಗದೆ ಈಗ ಮೈಮೇಲೆ ಬಂದರಪ್ಪ ಎಂದುಕೊಂಡು ಅಡಿವೆಪ್ಪ ಕಾಲಿಗೆ ಬುದ್ಧಿ ಹೇಳಿದ. ಬಾಗಿಲು ಮುಚ್ಚುತ್ತಿದ್ದ ಟ್ರಾಮಿಗೆ ಹಾರಿ, ಮಗುವಿನ ತಳ್ಳುಗಾಡಿ ಹಿಡಿದು ನಿಂತಿದ್ದ ಹೆಂಗಸಿನ ಹಿಂದೆ ಅಡಗಿದ. ಮುಂದಿನ ಬುಧವಾರ ಕೊಡೆ ಅವನ ಕುರ್ಚಿಯ ಬೆನ್ನಿಗೆ ಅಂದವಾಗಿ ನೇತುಬಿದ್ದಿತ್ತು. ಅದನ್ನವನು ಎಚ್ಚರಿಕೆ ಎಂದೇ ತಿಳಿದ.

ಭಾನುವಾರ ಮಧ್ಯಾಹ್ನ ಮನೆಯಲ್ಲಿ ಪಾಠದ ರಿಹರ್ಸಲ್ ಶುರುವಾಯಿತು. ಅವನ ಮನೆ ಊರ ಅಂಚಿನ ಲೊಬೆಡಾ ಬಡಾವಣೆಯ ಉದ್ದನೆಯ ಕಟ್ಟಡದಲ್ಲಿ, ಐದನೆಯ ಮಹಡಿ. ಅತ್ತಿಂದಿತ್ತ ನಡೆಯುತ್ತ, ಗಟ್ಟಿ ದನಿಯಲ್ಲಿ, ಬಾದಾಮಿ ಬಸ್ಸು ಆರೂ ನಲವತ್ತಕ್ಕೆ ಎಂದು ಗೋಡೆಗೆ ಕಲಿಸುತ್ತಿದ್ದ. ಹತ್ತು ನಿಮಿಷಕ್ಕೆ ಕಾಲಕೆಳಗಿನಿಂದ ಟಕ್ ಟಕ್ ಟಕ್. ಕೆಳಗಿನ ಮನೆಯ ಫ್ರೌ, ಅಂದರೆ ಶ್ರೀಮತಿ, ಲೋರೆಂಟ್ಸ್ ಎಂಬ ಮುದುಕಿ ಕಸಬರಿಗೆಯ ಕೋಲಿನಿಂದ ಮಾಳಿಗೆ ಬಡಿಯುತ್ತಿದ್ದಳು. ಭಾನುವಾರ ಸದ್ದು ಮಾಡಬಾರದೆಂದು ಕಟ್ಟಡದ ಬಾಗಿಲಲ್ಲೇ ನಿಯಮ ಅಂಟಿಸಿದ್ದರು. ಆಕೆಯ ಮುಖವನ್ನು ಅವನು ಸರಿಯಾಗಿ ನೋಡಿರಲಿಲ್ಲ, ಪರಿಚಯವೆಲ್ಲ ಆ ಕೋಲಿನ ಮೂಲಕವೇ. ಇದರಿಂದ ಅಡಿವೆಪ್ಪನಿಗೆ ಇದ್ದ ಸಣ್ಣ ಸಂಶಯವೂ ಹೋಯಿತು. ಬಡಿದರೆ ಬಾಯಿ ಮುಚ್ಚು ಎಂದೇ ಅರ್ಥ. ಬಾಗಲಕೋಟೆಯಾದರೇನು, ಜರ್ಮನಿಯಾದರೇನು, ಈ ವಿಷಯದಲ್ಲಿ ಜಗತ್ತೆಲ್ಲ ಒಂದೇ.

ಆದರೂ ಅಧಿಕೃತವಾಗಿ ತಿಳಿದುಕೊಳ್ಳಬೇಕೆಂದು ಕಾಲೇಜಿನ ವ್ಯವಸ್ಥೆ ನೋಡುವ ಫ್ರೌ ಬ್ರೂನರ್ ಹತ್ತಿರ ಹೋದ. ಸುತ್ತಿ ಬಳಸಿ, ನನ್ನ ಕ್ಲಾಸಿನಿಂದ ಏನಾದರೂ ಗದ್ದಲ ಕೇಳಿಸುತ್ತದೆಯೇ ಎಂದ. ಆಕೆ ಕನ್ನಡಕದ ಮೇಲಿನಿಂದ ನೋಡಿ ನಕ್ಕಳು. ಕೇಳದೆ ಏನು, ಇಡೀ ಕಾರಿಡಾರಿಗೆ ಕೇಳಿಸುತ್ತದೆ, ಹದಿನೆಂಟು ವರ್ಷದಿಂದ ಇಲ್ಲಿದ್ದೇನೆ, ಯಾರಿಗೂ ಹೀಗೆ ಬಡಿದದ್ದನ್ನು ನಾನು ಕಂಡಿಲ್ಲ ಎಂದಳು. ನಗುನಗುತ್ತಲೇ ಮರಣದಂಡನೆ ಓದುವ ಹೆಂಗಸನ್ನು ಅಡಿವೆಪ್ಪ ಅದೇ ಮೊದಲು ನೋಡಿದ್ದು.

ಇನ್ನು ಕೇಳಲು ಉಳಿದದ್ದು ಗೆಳೆಯ ಫಾರೂಖ್. ಹುಬ್ಬಳ್ಳಿಯವ, ಫ್ರಾಂಕ್‌ಫರ್ಟ್ ಹತ್ತಿರದ ಎಷ್‌ಬಾರ್ನ್‌ನಲ್ಲಿ ಕೆಲಸ. ಇವನಿಗಿಂತ ಎಂಟು ತಿಂಗಳು ಮೊದಲು ಜರ್ಮನಿಗೆ ಬಂದವನಾದ್ದರಿಂದ ಜರ್ಮನಿಯ ಸಕಲ ವಿಷಯಗಳಲ್ಲೂ ಅವನ ಮಾತೇ ಕೊನೆಯ ಮಾತು. ಅವನಿಗೆ ಫೋನಿನಲ್ಲಿ ಅಡಿವೆಪ್ಪ ಎಲ್ಲವನ್ನೂ ಹೇಳಿಕೊಂಡ. ಬೆಂಚು ಬಡಿಯುವುದು, ಕೊಡೆ, ಕಸಬರಿಗೆ, ಫ್ರೌ ಬ್ರೂನರಳ ನಗು, ಬಿಟ್ಟದ್ದು ಬಸಲಿಂಗಯ್ಯ ಸರ್ ಒಬ್ಬರನ್ನೇ.

"ದೋಸ್ತ, ಈ ಮಂದಿ ಒಮ್ಮೆ ತಗದ್ ಹಾಕಿದ್ರ ಕಾಗದದ ಮ್ಯಾಲೆ ಕಲೆ ಉಳೀತದ," ಅಂದ ಫಾರೂಖ್. "ಅವ್ರು ತಗಿಯೂದಕಿಂತ ಮೊದಲ ನೀನ ಕ್ಯುಂಡಿಗುಂಗ್ ಬರದು ಕೊಡು. ರಾಜೀನಾಮಿ. ನಾಕ್ ವಾರದ ನೋಟೀಸ್ ಅಂತ ಬರಿ. ಇಲ್ಲೆ ಮರ್ಯಾದಿಲೆ ಹೋಗೂದು ಅಂದ್ರ ಹಂಗ."

ಎಂಟನೆಯ ಬುಧವಾರ ಅಡಿವೆಪ್ಪ ಕಣ್ಣೊರೆಸಿಕೊಂಡು ಕ್ಯುಂಡಿಗುಂಗ್ ಬರೆದು ಕೊಟ್ಟ. ಅದರ ಪ್ರಕಾರ ನಾಲ್ಕು ವಾರಕ್ಕೆ ಅವನು ಕೆಲಸ ಬಿಡಬೇಕು. ನಾಲ್ಕು ವಾರಕ್ಕೆ ಕ್ಲಾಸು ತಾನಾಗಿಯೇ ಮುಗಿಯುತ್ತಿತ್ತು. ಮುಗಿಯುವ ದಿನವೇ ಮುಗಿಸುತ್ತೇನೆ ಎಂದು ರಾಜೀನಾಮೆ ಕೊಟ್ಟವನು ಬಹುಶಃ ಇಡೀ ಯುರೋಪಿನಲ್ಲಿ ಇವನೊಬ್ಬನೇ. ಫ್ರೌ ಬ್ರೂನರ್ ಅದನ್ನು ಎರಡು ಸಲ ಓದಿದಳು. ಮುಖದ ನಗು ಮಾಯವಾಯಿತು. ತಾರೀಖು ಸರಿ ಇತ್ತು, ಸಹಿ ಇತ್ತು. ಕೇಳುವುದು ಮರ್ಯಾದೆಯಲ್ಲ ಎಂದುಕೊಂಡಳೋ ಏನೋ, ಮುದ್ರೆ ಒತ್ತಿ ಫೈಲಿನಲ್ಲಿಟ್ಟಳು.

ಹನ್ನೊಂದನೆಯ ವಾರ ಪರೀಕ್ಷೆ ಆಯಿತು. ಹನ್ನೆರಡನೆಯ ವಾರ ಫಲಿತಾಂಶ ಬಂತು. ಹನ್ನೊಂದು ಜನಕ್ಕೆ ಹನ್ನೊಂದು ಜನವೂ ಪಾಸು. ಜನವರಿ ಒಂದರಿಂದ ಎಲ್ಲರೂ ಡ್ರೆಸ್ಡನ್ನಿಗೆ. ವೆಂಟ್ ಮನೆ ಕೂಡ ಖಾಲಿ ಮಾಡುತ್ತಿದ್ದ. ಅಡಿವೆಪ್ಪ ಸಂತೋಷದಿಂದ ಹೆಸರು ಓದಿ ಸರ್ಟಿಫಿಕೇಟು ಹಂಚಿದ. ಹಂಚಿ ಮುಗಿದಾಗ ತಾನು ಕಲಿಸಿದ್ದರಿಂದಲೇ ಇವರೆಲ್ಲ ಊರು ಬಿಟ್ಟು ಹೊರಟಿದ್ದಾರೆಂಬುದು ಹೊಳೆಯಿತು. ಇನ್ನು ಬುಧವಾರಕ್ಕೂ ಶನಿವಾರಕ್ಕೂ ವ್ಯತ್ಯಾಸವಿಲ್ಲ.

ಎಂಟು ಹೊಡೆಯಿತು. ಬೆಂಚು ಬಡಿತ ಶುರುವಾಯಿತು. ಇವತ್ತು ಕಾಲೂ ಸೇರಿತ್ತು. ಅಡಿವೆಪ್ಪ ಬ್ಯಾಗಿಗೆ ಕೈ ಹಾಕಿದ್ದೇ ತಡ, ವೆಂಟ್ ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತ.

ಇದೇ ಕೊನೆ ಎಂದುಕೊಂಡ ಅಡಿವೆಪ್ಪ, ಕಿಸೆಯಿಂದ ಚೀಟಿ ತೆಗೆದು, ತಪ್ಪು ತಪ್ಪು ಜರ್ಮನ್‌ನಲ್ಲಿ ಬರೆದುಕೊಂಡಿದ್ದ ಕ್ಷಮಾಪಣೆ ಓದತೊಡಗಿದ. ನಿಮಗೆ ಹನ್ನೆರಡು ವಾರ ತೊಂದರೆ ಕೊಟ್ಟೆ, ನೀವು ಪ್ರತಿ ವಾರ ಹೊರಗೆ ಹೋಗೆಂದು ಹೇಳಿದಿರಿ, ನನಗೆ ಬೇರೆ ಯಾರೂ ಇಲ್ಲದ್ದರಿಂದ ಮತ್ತೆ ಮತ್ತೆ ಬಂದೆ, ದಯವಿಟ್ಟು ಮನ್ನಿಸಿ. ಅವನು ಓದುತ್ತ ಹೋದಂತೆ ಬಡಿತ ನಿಂತುಹೋಯಿತು. 

"ಹೆರ್ ಮೂಡೋಲ್," ಎಂದ ವೆಂಟ್, ಮಗುವಿಗೆ ಹೇಳುವ ಹಾಗೆ ನಿಧಾನವಾಗಿ. "ಇಲ್ಲಿ ಪಾಠ ಚೆನ್ನಾಗಿದ್ದರೆ ಮೇಜು ಬಡಿಯುತ್ತೇವೆ. ಚೆನ್ನಾಗಿಲ್ಲದಿದ್ದರೆ ಸುಮ್ಮನೆ ಎದ್ದು ಹೋಗುತ್ತೇವೆ."

"ನಾವು ಬಡಿದ ಕೂಡಲೇ ನೀವು ಓಡಿಹೋಗುತ್ತಿದ್ದಿರಿ," ಎಂದಳು ಲಾನ್. "ನಾವೇ ನಿಮಗೆ ಇಷ್ಟವಿಲ್ಲ ಅಂದುಕೊಂಡಿದ್ದೆವು."

ಆಮೇಲೆ ಒಂದೊಂದೇ ಹೊರಬಿತ್ತು. ಮೊದಲ ಬುಧವಾರದಿಂದಲೇ ಕ್ಲಾಸು ಮುಗಿದ ಮೇಲೆ ಎಲ್ಲರೂ ಬೀದಿಯ ಮೂಲೆಯ ಹೋಟೆಲಿನಲ್ಲಿ ಸೇರುತ್ತಿದ್ದರಂತೆ. ಇವನಿಗೂ ಒಂದು ಕುರ್ಚಿ ಹಾಕಿಸುತ್ತಿದ್ದರಂತೆ. ವೆಂಟ್ ಕೊಡೆ ಹಿಡಿದು ಓಡಿಬಂದದ್ದು ಕರೆಯಲಿಕ್ಕೇ ಅಂತೆ. ಹನ್ನೊಂದು ವಾರ ಖಾಲಿ ಇದ್ದ ಆ ಕುರ್ಚಿಯನ್ನು ಹೋಟೆಲಿನವನು ಇಂಡಿಯನ್ನನ ಕುರ್ಚಿ ಎಂದು ಕರೆಯುತ್ತ ಬೇರೆಯವರನ್ನು ಅಲ್ಲಿ ಕೂರಲು ಬಿಡುತ್ತಿರಲಿಲ್ಲವಂತೆ.

ಆವತ್ತು ಅಡಿವೆಪ್ಪ ಆ ಕುರ್ಚಿಯಲ್ಲಿ ಕೂತ. ಬೀರು ಮುಟ್ಟದೆ ಸೇಬಿನ ರಸ ಕುಡಿದ, ಹುರಿದ ಆಲೂಗಡ್ಡೆ ತಿಂದ, ಅವ್ವನ ವಿಷಯ ಹೇಳಿದ, ಮಾವನ ಕಾರ್ಡಿನ ವಿಷಯ ಹೇಳಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹೊರಡುವಾಗ ವೆಂಟ್ ಅವನ ಭುಜ ಹಿಡಿದು, ಒಂದು ದಿನ ಬಾದಾಮಿಯ ಬಸ್ಸು ಹತ್ತುತ್ತೇನೆ, ಆರೂ ನಲವತ್ತಕ್ಕೆ, ಎರಡನೆಯ ಪ್ಲಾಟ್‌ಫಾರ್ಮು ಎಂದ. ಅಡಿವೆಪ್ಪನ ಕಣ್ಣಲ್ಲಿ ನೀರು ಬಂತು. ಹನ್ನೆರಡು ಬುಧವಾರ ಸಿಗಬೇಕಾಗಿದ್ದದ್ದು ಅವನಿಗೆ ಒಂದೇ ಬುಧವಾರ ಸಿಕ್ಕಿತು.

ಮರುದಿನ ಬೆಳಿಗ್ಗೆಯೇ ಫ್ರೌ ಬ್ರೂನರಳ ಮುಂದೆ ನಿಂತು, ರಾಜೀನಾಮೆ ವಾಪಸ್ಸು ಬೇಕು, ವಸಂತದಲ್ಲಿ ಹೊಸ ಕ್ಲಾಸು ಶುರುವಾದರೆ ನಾನೇ ಬರುತ್ತೇನೆ ಎಂದ. ಆಕೆಗೆ ನಿಜವಾಗಿಯೂ ಬೇಸರವಾಯಿತು. ಆ ಕ್ಲಾಸು ನಿಮಗೆಂದೇ ಇಟ್ಟಿದ್ದೆ, ಆದರೆ ನೀವು ಬರೆದುಕೊಟ್ಟಿರಲ್ಲ, ಬೇರೆಯವರ ಸಹಿ ಆಗಿಹೋಯಿತು, ಇನ್ನು ಮುಂದಿನ ಚಳಿಗಾಲಕ್ಕೆ ನೋಡೋಣ ಎಂದಳು. ಫೈಲು ತೆರೆದು ಅವನ ಕಾಗದ, ಅದರ ಮೇಲಿನ ಮುದ್ರೆ ಎರಡನ್ನೂ ತೋರಿಸಿದಳು. ಮುದ್ರೆ ಬಹಳ ಸ್ಪಷ್ಟವಾಗಿ ಬಿದ್ದಿತ್ತು.

ಜನವರಿ ಬಂತು. ಮೊದಲ ಬುಧವಾರ ಅಡಿವೆಪ್ಪ ಅಭ್ಯಾಸಬಲದಿಂದ ಕಾಲೇಜಿನವರೆಗೆ ಹೋಗಿ, ಅದೇ ಕೋಣೆಯಲ್ಲಿ ಯಾರೋ ಯೋಗ ಕಲಿಸುತ್ತಿರುವುದನ್ನು ಗಾಜಿನಿಂದ ನೋಡಿ ತಿರುಗಿ ಬಂದ. ಎರಡನೆಯ ಬುಧವಾರ ಹೋಗಲಿಲ್ಲ. ಮನೆಯೊಳಗೇ ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ ತಿರುಗಾಡಿದ. ಮೂರನೆಯ ವಾರ ಅವ್ವನಿಂದ ಒಂದು ನಂಬರು ತೆಗೆದುಕೊಂಡು ಭಾನುವಾರ ಮಧ್ಯಾಹ್ನ ಫೋನು ಹಚ್ಚಿದ.

"ಸರ, ನಾ ಅಡಿವೆಪ್ಪ ಮುಧೋಳ ರೀ. ತೊಂಬತ್ತೈದರ ಬ್ಯಾಚ್."

"ಗೊತ್ತಾತಪಾ," ಎಂದರು ಬಸಲಿಂಗಯ್ಯ ಸರ್, ಅದೇ ಸಣ್ಣ ದನಿ. "ಹಿಂದಿನ ಬೆಂಚ್. ನಿನ್ನ ತಾಳ ಭಾಳ ಗಟ್ಟಿ ಇತ್ತು."

ಅಡಿವೆಪ್ಪ ಮೂರು ದಿನದಿಂದ ಬರೆದಿಟ್ಟಿದ್ದ ಕ್ಷಮೆಯ ಚೀಟಿಯನ್ನು ಮಡಚಿ ಕಿಸೆಗೆ ಸೇರಿಸಿದ. ಆ ಕಡೆ ಝೆರಾಕ್ಸ್ ಯಂತ್ರ ಓಡುವ ಸದ್ದು, ಯಾರೋ ಎರಡು ಕಾಪಿ ಕೇಳುವುದು, ಎಲ್ಲ ಕೇಳಿಸುತ್ತಿತ್ತು.

"ಸರ, ಇಲ್ಲೆ ಪಾಠ ಚೊಲೊ ಆತಂದ್ರ ಬೆಂಚ್ ಬಡೀತಾರ್ರಿ," ಅಂದ ಕಡೆಗೆ. "ಮರ್ಯಾದಿ ಅಂತ ಅದು."

ಸರ್ ಝೆರಾಕ್ಸ್ ಯಂತ್ರ ನಿಲ್ಲಿಸಿದರು. "ಹೌದೇನು?" ಎಂದರು ಆಮೇಲೆ. "ನಿಮ್ಮ ಬ್ಯಾಚಿನವರಿಗೆ ಅದು ಆವಾಗನ ಗೊತ್ತಿತ್ತೇನಪಾ?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ಅಡಿವೆಪ್ಪನಿಗೆ ತಡೆಯಲಾಗಲಿಲ್ಲ. ಅವನು ರಿಸೀವರನ್ನು ಮೇಜಿನ ಮೇಲಿಟ್ಟು, ಮುಷ್ಟಿ ಕಟ್ಟಿ ಬಡಿಯತೊಡಗಿದ. ಅಂದಿನ ತಾಳವೇ, ಅಂದಿನ ಜೋರೇ. ಬಸಲಿಂಗಯ್ಯ ಸರ್ ಹೇಳಿದ ಪ್ರತಿಯೊಂದು ಪಾಠಕ್ಕೆ, ಹೇಳಲಾಗದೆ ಎದ್ದುಹೋದ ಪ್ರತಿಯೊಂದು ಪಾಠಕ್ಕೆ ಬಡಿದ. ಕೆಳಗಿನಿಂದ ಕಸಬರಿಗೆಯ ಕೋಲು ಟಕ್ ಟಕ್ ಅಂದಿತು, ಇವನು ಬಿಡಲಿಲ್ಲ. ಕೈ ಕೆಂಪಾಗಿ ನಿಲ್ಲಿಸಿದಾಗ ಸದ್ದು ಮಾತ್ರ ನಿಂತಿರಲಿಲ್ಲ. ಈಗ ಅದು ಬಾಗಿಲ ಕಡೆಯಿಂದ ಬರುತ್ತಿತ್ತು.

"ಯಾರೋ ಬಾಗಲಾ ಬಡ್ಯಾಕತ್ತಾರಲ್ಲಪಾ," ಎಂದರು ಸರ್, ದನಿ ಒಂಚೂರು ತೊಯ್ದಿತ್ತು. "ಮನಿಗೆ ಮಂದಿ ಬಂದಾರ, ಹೋಗು. ಕಾಯಸ್ಬ್ಯಾಡ." ಫೋನು ಇಟ್ಟುಬಿಟ್ಟರು.

ಅಡಿವೆಪ್ಪ ಬಾಗಿಲು ತೆಗೆದ. ಫ್ರೌ ಲೋರೆಂಟ್ಸ್, ಕೈಯಲ್ಲಿ ಕಸಬರಿಗೆ. ಒಂದೂ ಮುಕ್ಕಾಲು ವರ್ಷದಲ್ಲಿ ಅವನ ಬಾಗಿಲು ಬಡಿದ ಮೊದಲ ವ್ಯಕ್ತಿ. ಹೆರ್ ಮೂಡೋಲ್ ಎಂದು ಶುರು ಮಾಡಿದವಳು ಹತ್ತು ನಿಮಿಷ ನಿಲ್ಲಲಿಲ್ಲ. ಇವತ್ತು ಭಾನುವಾರ, ಇದು ಮನೆಯೋ ಬಡಗಿಯ ಅಂಗಡಿಯೋ, ಬೆಳಿಗ್ಗೆ ಏಳಕ್ಕೆ ಕುಕ್ಕರಿನ ಸೀಟಿ, ಅದೇನದು ಬಾದಾಮಿ ಬಾದಾಮಿ ಎಂದು ಒದರುವುದು, ಮೊದಲು ಬುಧವಾರವಾದರೂ ಎಂಟೂವರೆಯವರೆಗೆ ಮನೆಯಲ್ಲಿ ಇರುತ್ತಿರಲಿಲ್ಲ, ಈಗ ಎರಡು ವಾರದಿಂದ ಬುಧವಾರವೂ ಮೇಲೆ ನಡೆದಾಡುತ್ತೀಯ, ಹೋದ ತಿಂಗಳು ಮೂರು ದಿನ ಕೆಮ್ಮುತ್ತಿದ್ದೆ, ಅದೂ ಕೇಳಿಸಿತು ಎಂದೆಲ್ಲ ಬೈದಳು.

ಅಡಿವೆಪ್ಪ ಕೈಕಟ್ಟಿ ನಿಂತು ಒಂದಕ್ಷರ ಬಿಡದೆ ಕೇಳಿದ. ತಾನು ಯಾವಾಗ ಮನೆಗೆ ಬರುತ್ತೇನೆ, ಯಾವಾಗ ಕೆಮ್ಮುತ್ತೇನೆ ಎಂಬುದು ಈ ಊರಿನಲ್ಲಿ ಒಬ್ಬರಿಗೆ ಗೊತ್ತಿದೆಯೆಂದು ಅವನಿಗೆ ಇವತ್ತಿನವರೆಗೆ ತಿಳಿದಿರಲಿಲ್ಲ. ಬೈದು ಮುಗಿಸಿ ಮುದುಕಿ ಉಸಿರು ತೆಗೆದುಕೊಳ್ಳಲು ನಿಂತಳು. ಅಡಿವೆಪ್ಪ ಕೆಂಪಾದ ಕೈಯನ್ನು ಮುಷ್ಟಿ ಮಾಡಿ, ಬಾಗಿಲ ಚೌಕಟ್ಟಿನ ಮೇಲೆ, ತುಂಬು ಮರ್ಯಾದೆಯಿಂದ, ಮೂರು ಸಲ ಬಡಿದ.